ತಾಯಿಗೆಂದು ನೆನೆಹಾಕಿದ ಮರಗೆಣಸು

ಮೊನ್ನೆ ಹಿರಿಯೂರಿನ ಸಂತೆಯಲ್ಲಿ ಒಬ್ಬ ಮರಗೆಣಸನ್ನು ಗುಡ್ಡೆ ಹಾಕಿಕೊಂಡು ಕೂತಿದ್ದ. ಗಿರಾಕಿಗೆ ತೋರಿಸಲೆಂದು ಒಂದನ್ನು ಎತ್ತಿ ಲಟ್ಟನೆ ಮುರಿದ. ಬಿಳಿ ತಿರುಳಿನಿಂದ ಹಸಿ ಮಣ್ಣಿನಂಥ, ತುಸು ಹಾಲಿನಂಥ ವಾಸನೆ ಬಂತು. ಸೊಪ್ಪು ಕೊಳ್ಳಲು ಹೋಗಿದ್ದ ನಾನು ಏನೂ ಕೊಳ್ಳದೆ ಮನೆಗೆ ಬಂದೆ. ಮುಖ ತೊಳೆದೆ, ಕಾಫಿ ಕುಡಿದೆ. ಆ ವಾಸನೆಗೆ ಎದ್ದ ಹಳೆಯ ಸಿಟ್ಟು ಇಳಿಯಲಿಲ್ಲ. ಕಾಲ ಸರಿದಂತೆ ಸಿಟ್ಟು ತಾನಾಗಿ ಆರುತ್ತದೆ ಎನ್ನುವವರು ಯಾವ ಸಿಟ್ಟಿನ ಮಾತಾಡುತ್ತಾರೋ ತಿಳಿಯದು. ನನ್ನದು ಆರಿಲ್ಲ. ಆರಬಾರದೆಂದೇ ಬರೆಯಲು ಕೂತಿದ್ದೇನೆ.

ಹೊಸದುರ್ಗದ ಹೈಸ್ಕೂಲಿನಿಂದ ನನಗೆ ದುರ್ಗಕ್ಕೆ ವರ್ಗವಾದ ವರ್ಷ ಅದು. ವಿಜ್ಞಾನದ ಟೀಚರು, ಮದುವೆಯಾಗದವಳು, ಒಬ್ಬಳೇ ಇರುವವಳು ಎಂದರೆ ಮನೆ ಕೊಡುವವರು ನಾಲ್ಕು ಪ್ರಶ್ನೆ ಹೆಚ್ಚಿಗೆ ಕೇಳುತ್ತಾರೆ. ರುದ್ರಪ್ಪನವರು ಮಾತ್ರ ಒಂದೇ ಪ್ರಶ್ನೆ ಕೇಳಿದರು, ಮಾಂಸ ಬೇಯಿಸುತ್ತೀರಾ ಎಂದು. ಇಲ್ಲ ಎಂದೆ. ಬೀಗದ ಕೈ ಕೊಟ್ಟರು. ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದವರು, ಹಣೆಯ ತುಂಬ ವಿಭೂತಿ, ಬೀದಿಯ ಸಂಘಕ್ಕೆ ಅವರೇ ಅಧ್ಯಕ್ಷರು. ಯಾರಿಗೂ ಅವರು ಗದರಿದ್ದನ್ನು ನಾನು ಕೇಳಿಲ್ಲ. ಅವರ ಹೆಂಡತಿ ಪಾರ್ವತಮ್ಮ ಇನ್ನೂ ಮೆತ್ತಗಿನವರು. ಗಂಡ ಮಾತು ಮುಗಿಸಿದ ಮೇಲೆ ತಲೆಯಾಡಿಸುವುದು ಬಿಟ್ಟರೆ ಅವರ ಬಾಯಿಂದ ಹೆಚ್ಚು ಮಾತು ಹೊರಡುತ್ತಿರಲಿಲ್ಲ.

ಮಹಡಿಯ ಮೇಲೆ ಎರಡು ಪುಟ್ಟ ಮನೆಗಳು, ನಡುವೆ ಇಬ್ಬರಿಗೂ ಸೇರಿದ ಬಯಲು ತಾರಸಿ. ನಾನು ಹೋದದ್ದು ಆಷಾಢದಲ್ಲಿ. ಜೋಗಿಮಟ್ಟಿಯ ಕಡೆಯಿಂದ ಬೀಸುವ ಗಾಳಿಗೆ ಒಣಹಾಕಿದ ಬಟ್ಟೆ ನಿಲ್ಲುತ್ತಿರಲಿಲ್ಲ. ಮೊದಲ ದಿನವೇ ನನ್ನ ಸೀರೆಯೊಂದು ತಂತಿ ಬಿಟ್ಟು ಹಾರಿತು. ಪಕ್ಕದ ಮನೆಯ ಬಾಗಿಲಿನಿಂದ ಎತ್ತರದ ಹುಡುಗಿಯೊಬ್ಬಳು ಓಡಿಬಂದು ಅದನ್ನು ಗೋಡೆಯ ಅಂಚಿನಲ್ಲಿ ಹಿಡಿದಳು. ಮುದ್ದೆ ಮಾಡಿಕೊಟ್ಟಂತೆ ಸುತ್ತಿ ನನ್ನ ಕೈಗಿಟ್ಟು, "ಗಟ್ಟಿಯಾಗಿ ಹಿಡ್ಕಳ್ರಿ" ಎಂದಳು.

ಅವಳ ಹೆಸರು ಚಿಯೋಮಾ. ನೈಜೀರಿಯಾದವಳು. ನರ್ಸಿಂಗ್ ಓದಿನ ಕೊನೆಯ ವರ್ಷದಲ್ಲಿದ್ದಳು. ಕನ್ನಡವನ್ನು ಆಸ್ಪತ್ರೆಯ ವಾರ್ಡಿನಲ್ಲಿ ಕಲಿತಿದ್ದರಿಂದ ಅವಳಿಗೆ ಬರುತ್ತಿದ್ದುದು ರೋಗಿಗಳಿಗೆ ಹೇಳುವ ಮಾತುಗಳು. ಬಾಯಿ ತೆಗೀರಿ, ಎಲ್ಲಿ ನೋವೈತೆ, ಉಸಿರು ಎಳ್ಕಳ್ರಿ, ಹೆದರಬ್ಯಾಡ್ರಿ. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಸೌಮ್ಯ ಸ್ವಭಾವದ ಹುಡುಗಿಯೇನಲ್ಲ. ಬೀದಿಯ ಮಕ್ಕಳು 'ಕರಿಯಕ್ಕ' ಎಂದು ಕೂಗಿದರೆ ನಿಂತು, ತಿರುಗಿ, ನನಗೊಂದು ಹೆಸರು ಇದೆ, ಹೇಳಿ ನೋಡೋಣ ಎಂದು ಅವರಿಂದ ಅದನ್ನು ಹೇಳಿಸಿಯೇ ಮುಂದೆ ಹೋಗುತ್ತಿದ್ದಳು. ದೊಡ್ಡವರಿಂದ ಹೇಳಿಸಲು ಅವಳಿಗೆ ಆಗಲಿಲ್ಲ. ಎದುರುಮನೆಯ ಕಿರಾಣಿ ಅಂಗಡಿಯ ಲೋಕೇಶ ಕೊನೆಯವರೆಗೂ ಅವಳನ್ನು 'ಆಫ್ರಿಕಾ' ಎಂದೇ ಕರೆದ.

ನಾವು ಹತ್ತಿರವಾದದ್ದು ಮುದ್ದೆಯಿಂದ. ಒಂದು ಮಧ್ಯಾಹ್ನ ನಾನು ತಾರಸಿಯ ನೆರಳಿನಲ್ಲಿ ಕೂತು ಮುದ್ದೆ, ಬಸ್ಸಾರು ಉಣ್ಣುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಬಾ, ಕೂತುಕೋ ಎಂದೆ. ಹೊಸಬರು ಮುದ್ದೆಯನ್ನು ಅಗಿದು ಬಾಯಿಗೆಲ್ಲ ಅಂಟಿಸಿಕೊಂಡು ಒದ್ದಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇವಳು ಬಲಗೈಯಿಂದ ಒಂದು ತುತ್ತು ಮುರಿದು, ಬೆರಳಲ್ಲೇ ಉರುಟು ಮಾಡಿ, ಹೆಬ್ಬೆರಳಿನಿಂದ ನಡುವೆ ಒಂದು ಗುಳಿ ಒತ್ತಿ, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದಳು. ನಮ್ಮ ಅಜ್ಜಿಯರು ನುಂಗಿದ ಹಾಗೆ. ನಾನು ಬೆರಗಾದೆ. ಅವಳು ನಕ್ಕಳು. ನಮ್ಮಲ್ಲಿಯೂ ಇಂಥದ್ದೇ ಇದೆ, ಅಕ್ಪು ಅನ್ನುತ್ತೇವೆ, ಮರಗೆಣಸಿನದು, ಅದನ್ನು ಅಗಿದರೆ ನಮ್ಮಮ್ಮ ತಲೆಯ ಮೇಲೆ ಮೊಟಕುತ್ತಿದ್ದಳು ಎಂದಳು.

ಅವಳ ಅಮ್ಮನ ಕಸುಬೇ ಅದಂತೆ. ಗಂಡ ಹೋದ ಮೇಲೆ ಅಕ್ಪು ಮಾಡಿ, ಬಿಸಿಬಿಸಿ ಉಂಡೆಗಳನ್ನು ಕಟ್ಟಿ ಪೇಟೆಯಲ್ಲಿ ಮಾರಿ ಮಕ್ಕಳನ್ನು ಬೆಳೆಸಿದವಳು. ಮಗಳನ್ನು ಸಮುದ್ರ ದಾಟಿಸಿ ಓದಲು ಕಳಿಸಿದವಳೂ ಅವಳೇ.

ನನ್ನ ತಾಯಿಯ ಮನೆ ಜವನಗೊಂಡನಹಳ್ಳಿ. ಭಾನುವಾರ ಹೋಗಿ ಬರುವಾಗ ಹಿರಿಯೂರಿನಲ್ಲಿ ಬಸ್ಸು ಬದಲಿಸಬೇಕು. ದೀಪಾವಳಿ ಕಳೆದು ಮರಗೆಣಸು ಸಂತೆಗೆ ಬಂದಾಗ ಒಂದು ಚೀಲ ಕೊಂಡು ತಂದೆ. ನಾವು ಅದನ್ನು ಉಪ್ಪು ಹಾಕಿ ಬೇಯಿಸಿ ತಿನ್ನುವವರು, ಅಷ್ಟೇ. ಅವಳು ಮಾಡುವುದನ್ನು ಕಂಡಾಗ ಗೊತ್ತಾಯಿತು, ಎಷ್ಟು ಕೆಲಸದ ಅಡುಗೆ ಅದು ಎಂದು. ಸಿಪ್ಪೆ ತೆಗೆದು, ಗೇಣುದ್ದ ತುಂಡು ಮಾಡಿ, ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ತುಂಬಿ ನೆನೆಹಾಕಬೇಕು. ಮೂರು ನಾಲ್ಕು ದಿನಕ್ಕೆ ಹುಳಿ ಬಂದು ಗೆಣಸು ಬೆರಳಿಗೆ ಮೆತ್ತಗಾಗುತ್ತದೆ. ಅದರಲ್ಲಿ ಇರಬಹುದಾದ ವಿಷವೂ ಆ ನೀರಿನಲ್ಲೇ ಕಳೆಯುತ್ತದೆ. ಆಮೇಲೆ ನಾರು ತೆಗೆದು, ಜರಡಿಯಲ್ಲಿ ತಿಕ್ಕಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ ನೀರು ಹಿಂಡಬೇಕು. ಉಳಿದ ಬಿಳಿ ಹಿಟ್ಟನ್ನು ಒಲೆಯ ಮೇಲೆ ಕೋಲಿನಿಂದ ತಿರುವಬೇಕು. ತಿರುವುವುದು ನಮ್ಮ ಹಾಗೆಯೇ. ನನ್ನ ಮುದ್ದೆ ಕೋಲನ್ನೇ ತೆಗೆದುಕೊಂಡಳು. ಕುಂಬಳದ ಬೀಜ ಪುಡಿಮಾಡಿ, ಬೆಂಡೆಕಾಯಿ, ಸೊಪ್ಪು ಹಾಕಿ ಗಟ್ಟಿ ಸಾರು ಮಾಡಿದಳು. ಒಣಮೀನು ಇಲ್ಲದೆ ಅದು ಸಪ್ಪೆ ಎಂದು ಬೈದುಕೊಂಡೇ ಮಾಡಿದಳು. ಆದರೆ ಆ ಮನೆಗೆ ಮೀನು ತರಲಿಲ್ಲ, ಒಂದು ದಿನವೂ. ರುದ್ರಪ್ಪನವರಿಗೆ ಮಾತು ಕೊಟ್ಟಿದ್ದೇನೆ ಎನ್ನುತ್ತಿದ್ದಳು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಇದನ್ನು ಯಾರೂ ನಂಬಲಿಲ್ಲ.

ಅಕ್ಪು ನನಗೆ ರುಚಿಸಿತೇ? ಮೊದಲ ತುತ್ತಿಗೆ ಇಲ್ಲ. ರಬ್ಬರಿನಂತೆ ಎಳೆಯುತ್ತಿತ್ತು. ಮೂರನೆಯ ಸಲದ ಹೊತ್ತಿಗೆ ಹುಳಿ ಹಿಡಿಸಿತು. ವಾಸನೆ ಇತ್ತು, ಇರಲಿಲ್ಲ ಎಂದರೆ ಸುಳ್ಳು. ನೆನೆದ ನೀರು ಬಸಿಯುವ ದಿನ ತಾರಸಿಯೆಲ್ಲ ಹುಳಿಹುಳಿ. ಬೀದಿಯಲ್ಲಿ ಮನೆಮನೆಯಲ್ಲೂ ಅಂಬಲಿ ಹುಳಿಯುತ್ತದೆ, ಲೋಕೇಶನ ಅಂಗಡಿಯ ಹಿಂದೆ ಚರಂಡಿ ಕಟ್ಟಿಕೊಂಡು ವರ್ಷವೆಲ್ಲ ನಾರುತ್ತದೆ. ಅದಕ್ಕೆಲ್ಲ ಯಾರ ಮೂಗೂ ಎದ್ದು ನಿಂತದ್ದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಶಾಲೆಯಿಂದ ಬಂದಾಗ ಚಿಯೋಮಾ ತಾರಸಿಯ ನೆಲದ ಮೇಲೆ ಯೂನಿಫಾರಂನಲ್ಲೇ ಕೂತಿದ್ದಳು. ಫೋನು ಪಕ್ಕದಲ್ಲಿ ಬಿದ್ದಿತ್ತು. ಅಮ್ಮ ತೀರಿಕೊಂಡಳು ಎಂದಳು. ಪರೀಕ್ಷೆ ಎದುರಿಗಿತ್ತು. ಈಗ ಹೋದರೆ ವರ್ಷ ಕಳೆಯುತ್ತದೆ, ತಾನು ಓದಲಿ ಎಂದೇ ದುಡಿದು ಸತ್ತ ಅಮ್ಮನಿಗೆ ಅದನ್ನು ಮಾಡಲಾರೆ ಎಂದಳು. ಅವರಲ್ಲಿ ಹೂಳುವುದಕ್ಕೆ ಕೆಲವು ವಾರ ಕಾಯುತ್ತಾರೆ, ದೂರದ ನೆಂಟರೆಲ್ಲ ಬಂದು ಸೇರಬೇಕು. ಹೂಳುವ ದಿನ ಒಂದು ಭಾನುವಾರಕ್ಕೆ ಗೊತ್ತಾಯಿತು. ಆ ಭಾನುವಾರ ತಾನೂ ಇಲ್ಲಿ ಅಕ್ಪು ಮಾಡಿ ತನ್ನ ದೇಶದವರಿಗೆ ಬಡಿಸುತ್ತೇನೆ ಎಂದಳು. ದಾವಣಗೆರೆಯಲ್ಲಿ ಓದುತ್ತಿದ್ದ ಮೂವರು ಬರುವವರಿದ್ದರು. ಅಮ್ಮನ ಕೈಯ ಕೆಲಸವನ್ನು ಆ ದಿನ ಮಗಳ ಕೈ ಮಾಡಬೇಕು, ಅವಳ ಲೆಕ್ಕ ಅಷ್ಟೇ. ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದಿಲ್ಲವೇ?

ನಾನೇ ಹೋಗಿ ಗೆಣಸು ತಂದೆ. ಬುಧವಾರ ನೆನೆಹಾಕಿದಳು. ರುದ್ರಪ್ಪನವರಿಗೂ ಕೆಳಗೆ ಹೋಗಿ ಹೇಳಿದೆ, ಹುಡುಗಿಯ ತಾಯಿ ಹೋದರು, ಭಾನುವಾರ ಸ್ನೇಹಿತರು ಊಟಕ್ಕೆ ಬರುತ್ತಾರೆ ಎಂದು. ಪಾಪ, ಎಂದರು. ಆಗಲಿ, ಎಂದರು. ಪಾರ್ವತಮ್ಮ ತಲೆಯಾಡಿಸಿದರು.

ಶನಿವಾರ ಬೆಳಗಿನ ಶಾಲೆ. ಮುಗಿಸಿ ಬಂದಾಗ ಮನೆಯ ಮೆಟ್ಟಿಲ ಮೇಲೆ ಜನ. ಲೋಕೇಶ ಮುಂದಿದ್ದ, ಜೊತೆಗೆ ಬೀದಿಯ ನಾಲ್ಕಾರು ಗಂಡಸರು, ಮೂಗಿಗೆ ಸೆರಗು ಹಿಡಿದ ಇಬ್ಬರು ಹೆಂಗಸರು. ರುದ್ರಪ್ಪನವರು ನಡುಮೆಟ್ಟಿಲಲ್ಲಿ ನಿಂತಿದ್ದರು. ಮೇಲೆ ಮಾಂಸ ಕೊಳೆಯುತ್ತಿದೆ, ನಾಳೆ ನಾಲ್ಕು ಜನ ಅಂಥವರೇ ಸೇರುತ್ತಾರಂತೆ, ಕಳ್ಳಬಟ್ಟಿ ಇಳಿಸುತ್ತಿದ್ದಾಳೆ, ಇಲ್ಲ ಅದು ನಾಯಿಯದೋ ಏನೋ — ಒಬ್ಬೊಬ್ಬರದು ಒಂದೊಂದು ಮಾತು. ನಾನು ನುಗ್ಗಿಕೊಂಡು ಮೇಲೆ ಹತ್ತಿದೆ. ಚಿಯೋಮಾ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು. ಬಿಳಿ ಯೂನಿಫಾರಂನಲ್ಲಿ ಡ್ರಮ್ಮಿಗೆ ಅಡ್ಡ ನಿಂತಿದ್ದಳು.

"ಹಿಂದೆ ಸರೀರಿ" ಎನ್ನುತ್ತಿದ್ದಳು, ವಾರ್ಡಿನಲ್ಲಿ ಹೇಳುವ ಅದೇ ದನಿಯಲ್ಲಿ. "ಮುಟ್ಟಬ್ಯಾಡ್ರಿ. ಇದು ನಮ್ಮಮ್ಮನ ಊಟ."

"ಏನಪ್ಪಾ, ಅಮ್ಮನ್ನೇ ಇದ್ರೊಳಗೆ ನೆನೆಹಾಕವ್ಳಾ?" ಎಂದ ಲೋಕೇಶ.

ಯಾರೋ ನಕ್ಕರು. ಒಬ್ಬರಲ್ಲ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ತಾಯಿಯನ್ನು ಕಳೆದುಕೊಂಡ ಹುಡುಗಿಯ ಎದುರು, ಅದು ಅವಳಿಗೆ ಅರ್ಥವಾಗುತ್ತದೆ ಎಂದು ಗೊತ್ತಿದ್ದೂ, ದಿನಾ ಬೆಳಿಗ್ಗೆ ಸ್ನಾನಮಾಡಿ ಪೂಜೆ ಮಾಡುವ ಜನ ನಕ್ಕರು.

ನಾನು ಕೂಗಿ ಹೇಳಿದೆ, ಅದು ಮರಗೆಣಸು, ಮುಚ್ಚಳ ತೆಗೆದು ನೋಡಿ, ನಾನೇ ತಂದುಕೊಟ್ಟದ್ದು ಎಂದು. ಪೊಲೀಸರನ್ನು ಕರೆಯೋಣ ಎಂದರು ಯಾರೋ. ಕರೀರಿ, ನಾನೂ ಹೇಳ್ತೀನಿ, ಎಂದಳು ಚಿಯೋಮಾ. ಯಾರೂ ಕರೆಯಲಿಲ್ಲ. ಲೋಕೇಶ ಮುಚ್ಚಳ ಎತ್ತಿದ. ಎಲ್ಲರೂ ಬಗ್ಗಿ ನೋಡಿದರು. ಬಿಳಿ ತುಂಡುಗಳು ಬಿಳಿ ನೀರಿನಲ್ಲಿ ತೇಲುತ್ತಿದ್ದವು. ಗೆಣಸು ಎಂದು ಕಣ್ಣಿದ್ದ ಯಾರಿಗಾದರೂ ಕಾಣುತ್ತಿತ್ತು. ಕಂಡಿತು ಕೂಡ. ಕಂಡ ಮೇಲೂ, ಅಷ್ಟು ಜನರನ್ನು ಕರೆತಂದವನು ಬರಿಗೈಲಿ ಇಳಿಯಲಾರದೆ, ಲೋಕೇಶ ಡ್ರಮ್ಮಿಗೆ ಕಾಲು ಕೊಟ್ಟು ಉರುಳಿಸಿದ. ಇನ್ನಿಬ್ಬರು ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದ್ದರು. ನನ್ನನ್ನು ಯಾರೂ ಮುಟ್ಟಲಿಲ್ಲ. ಮೇಡಂ, ನೀವು ಸುಮ್ನಿರ್ರಿ ಎಂದಷ್ಟೇ ಅಂದರು.

ನೀರು, ಹಿಟ್ಟು, ಮೆತ್ತಗಾದ ತುಂಡು ಎಲ್ಲ ತಾರಸಿಯ ಮೇಲೆ ಹರಡಿ ಮೆಟ್ಟಿಲಿಳಿಯಿತು. ರುದ್ರಪ್ಪನವರು ಪಂಚೆ ಎತ್ತಿ ಹಿಡಿದು ಬದಿಗೆ ಸರಿದರು. ಆವರೆಗೆ ಒಂದು ಮಾತೂ ಆಡದವರು ಆಗ ಆಡಿದರು.

"ನಿಧಾನ ಲೋಕೇಶ, ಗೋಡೆಗೆ ಹೊಸಾ ಬಣ್ಣ ಐತೆ."

ಎಲ್ಲರೂ ಇಳಿದು ಹೋಗುತ್ತಿದ್ದಾಗ ಚಿಯೋಮಾ ಖಾಲಿ ಡ್ರಮ್ಮನ್ನು ಅವರ ಹಿಂದೆ ಒದ್ದಳು. ಅದು ದಡದಡ ಉರುಳಿ ತಿರುವಿನ ಗೋಡೆಗೆ ಬಡಿದು ಸುಣ್ಣ ಕಿತ್ತಿತು. ರುದ್ರಪ್ಪನವರು ತಲೆಯೆತ್ತಿ ನನ್ನನ್ನು ನೋಡಿ, ನೋಡಿದಿರಾ ಮೇಡಂ, ಇದೇನಾ ಸಂಸ್ಕಾರ ಎಂದು ಕೇಳಿದರು.

ನಾನು ಕೆಳಗಿಳಿದು ಅವರ ಪಡಸಾಲೆಯಲ್ಲಿ ನಿಂತೆ. ಕೂರಲಿಲ್ಲ. ನಿಮಗೆ ಗೊತ್ತಿತ್ತು, ನಾನೇ ಹೇಳಿದ್ದೆ, ಅವಳ ತಾಯಿಯ ದಿನ ಅಂತ; ಒಂದು ಮಾತು ಹೇಳಿದ್ದರೆ ಅವರು ಮೆಟ್ಟಿಲು ಹತ್ತುತ್ತಿರಲಿಲ್ಲ ಎಂದೆ. ಅವರು ಕನ್ನಡಕ ಒರೆಸಿಕೊಂಡರು. ಬೀದಿಯಲ್ಲಿ ಬಾಳಬೇಕಾದವರು ನಾವು, ಹತ್ತು ಜನ ಒಂದಾಗಿ ಬಂದರೆ ಏನು ಮಾಡಲಾದೀತು ಎಂದರು. ದನಿ ಎಂದಿನಂತೆ ಮೆತ್ತಗಿತ್ತು. "ನಿಮ್ ಮೇಲೆ ನಮಗೇನೂ ಇಲ್ಲ ಮೇಡಂ, ನೀವು ಎಷ್ಟು ದಿನ ಬೇಕಾದ್ರೂ ಇರ್ರಿ. ಆ ಹುಡುಗಿ ಮಾತ್ರ ಸೋಮವಾರಕ್ಕೆ ಖಾಲಿ ಮಾಡ್ಲಿ."

ನಿಮ್ಮ ತಾಯಿಯವರ ಎಡೆಯನ್ನು ಯಾರಾದರೂ ಕಾಲಿಂದ ಒದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದರು. ನಿಜವಾಗಿಯೂ ಅವರಿಗೆ ಸಂಬಂಧ ಕಾಣಲಿಲ್ಲ. ಲೋಕೇಶನ ಒರಟುತನಕ್ಕಿಂತ ನನ್ನನ್ನು ಇಂದಿಗೂ ಸುಡುವುದು ಈ ಮೆತ್ತಗಿನ ಮಾತು. ಒದೆಯುವವನ ಕಾಲು ಎಲ್ಲರಿಗೂ ಕಾಣುತ್ತದೆ. ಬಾಗಿಲು ತೆರೆದು ದಾರಿ ಬಿಟ್ಟವರು ಮಾತ್ರ ಸಂಭಾವಿತರಾಗಿಯೇ ಉಳಿಯುತ್ತಾರೆ.

ನಾನು ಮೇಲೆ ಹೋಗಿ ಅವಳ ಬಟ್ಟೆಯನ್ನೂ ನನ್ನ ಬಟ್ಟೆಯನ್ನೂ ಚೀಲಕ್ಕೆ ತುಂಬಿದೆ. ಊರಿಗೆ ಹೋಗಾಣ ಎಂದೆ. ಎಲ್ಲಿಗೆ ಎಂದು ಕೇಳಲಿಲ್ಲ ಅವಳು. ಹಿರಿಯೂರಿನಲ್ಲಿ ಇಳಿದು ಮತ್ತೆ ಗೆಣಸು ಕೊಂಡೆವು. ದಾವಣಗೆರೆಯ ಮೂವರಿಗೂ ಜವನಗೊಂಡನಹಳ್ಳಿಗೇ ಬರಲು ಹೇಳಿದೆವು.

ನಮ್ಮಮ್ಮನನ್ನು ದೇವತೆ ಮಾಡಿ ಬರೆಯುವುದಿಲ್ಲ. ಚಿಯೋಮಾಳನ್ನು ಕಂಡ ಕೂಡಲೇ ನನ್ನನ್ನು ಹಿತ್ತಲಿಗೆ ಕರೆದು, ಯಾರು ಇವಳು, ಏನು ತಿನ್ನುವ ಜನ ಎಂದು ಕೇಳಿದಳು. ನಡೆದದ್ದನ್ನೆಲ್ಲ ಹೇಳಿದೆ.

"ತಾಯಿ ಸತ್ತೋಳಿಗೆ ಒಂದೊತ್ತು ಒಲೆ ಕೊಡ್ದಂಥ ಬೀದಿನಾ ಅದು?" ಎಂದಳು ಅಮ್ಮ. ಆಮೇಲೆ ತನ್ನ ಷರತ್ತನ್ನೂ ಹೇಳಿದಳು. ಮೀನು ಹಾಕುವುದಾದರೆ ಹಿತ್ತಲಲ್ಲಿ, ಬೇರೆ ಪಾತ್ರೆಯಲ್ಲಿ, ಒಳಗಿನ ಒಲೆಯ ಮೇಲಲ್ಲ.

ನಾನು ನಾಚಿಕೆಯಿಂದಲೇ ಇದನ್ನು ಚಿಯೋಮಾಗೆ ದಾಟಿಸಿದೆ. ಅವಳು ಹುಬ್ಬು ಗಂಟಿಕ್ಕಿದಳು. ಕನಿಷ್ಠ ಇವರು ಮುಖಕ್ಕೆ ಹೇಳುತ್ತಾರೆ ಎಂದಳು. ಹಿತ್ತಲಲ್ಲಿ ಮೂರು ಕಲ್ಲು ಹೂಡಿದಳು.

ನೆನೆಹಾಕಲು ದಿನವಿರಲಿಲ್ಲ. ಬೇಯಿಸಿ ಕುಟ್ಟುವುದೊಂದೇ ದಾರಿ. ಭಾನುವಾರ ಬೆಳಿಗ್ಗೆ ಗೆಣಸು ಬೇಯಿಸಿ, ನಮ್ಮ ಹಳೆಯ ಒರಳು ತೊಳೆದು, ಒನಕೆಯಿಂದ ಕುಟ್ಟತೊಡಗಿದಳು ಚಿಯೋಮಾ. ದಾವಣಗೆರೆಯಿಂದ ಒಣಮೀನು ಹಿಡಿದು ಬಂದ ಸ್ನೇಹಿತರು ಸರದಿ ಹಿಡಿದರು. ಮೂವರೂ ಹುಡುಗಿಯರು. ಅಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒನಕೆ ಎದ್ದಾಗ ಕೈ ಒಳಗೆ ಹಾಕಿ ಹಿಟ್ಟನ್ನು ಮಗುಚಿ ಕೊಡುತ್ತಿದ್ದಳು. ಓಣಿಯ ಜನ ಬೇಲಿಯಾಚೆ ನಿಂತು ನೋಡಿದರು. ಕೆಲವರು ಬಾಯಿಗೆ ಬಂದದ್ದು ಅಂದರು. ನೋಡಕ್ಕೇನೈತೆ, ಅವರ ತಾಯಿ ಕಾರ್ಯ ಎಂದಳು ಅಮ್ಮ. ನಿಂತವರು ಒಬ್ಬೊಬ್ಬರೇ ಹೋದರು.

ಮಧ್ಯಾಹ್ನ ಅಲ್ಲಿ ಮಣ್ಣು ಮಾಡುವ ಹೊತ್ತು ಎಂದು ಫೋನು ಬಂತು. ನಾಲ್ವರೂ ಎದ್ದು ನಿಂತು ತಮ್ಮ ಭಾಷೆಯಲ್ಲಿ ಪ್ರಾರ್ಥಿಸಿದರು, ಮೆಲ್ಲಗೆ ಹಾಡಿದರು. ಅಮ್ಮ ಗೋಡೆಗೆ ಒರಗಿ ಕೈಮುಗಿದು ನಿಂತಿದ್ದಳು. ಆಮೇಲೆ ಉಂಡೆವು. ಮೀನಿಲ್ಲದ ಸಾರನ್ನು ಬೇರೆ ಇಟ್ಟಿದ್ದಳು ಚಿಯೋಮಾ. ಅಮ್ಮ ಒಂದು ತುತ್ತು ನುಂಗಿ, ಉಪ್ಪು ಕಮ್ಮಿ ಆತು ಎಂದಳು. ಚಿಯೋಮಾ ತಾನು ಮಾತ್ರ ಎರಡು ತುತ್ತಿಗೆ ಕೈ ನಿಲ್ಲಿಸಿದಳು.

ಬಾವಿಕಟ್ಟೆಯ ಬಳಿ ಅವಳ ಕೈಗೆ ನೀರು ಹಾಕುತ್ತಿದ್ದೆ. ಇದು ಅಕ್ಪು ಅಲ್ಲ ಅಕ್ಕ, ಎಂದಳು. ಕುಟ್ಟಿದ್ದು ಚೆನ್ನಾಗಿದೆ, ಆದರೆ ಹುಳಿ ಇಲ್ಲ. ಅಮ್ಮನ ಕೈ ಯಾವಾಗಲೂ ಹುಳಿ ವಾಸನೆ, ಮಲಗುವಾಗ ಆ ಕೈಯನ್ನೇ ಮುಖಕ್ಕೆ ಒತ್ತಿಕೊಳ್ಳುತ್ತಿದ್ದೆ. ಇವತ್ತು ಆ ವಾಸನೆ ಬೇಕಿತ್ತು ನನಗೆ, ಅದನ್ನೇ ಅವರು ಚೆಲ್ಲಿದರು ಎಂದಳು. ನಾನೇನೋ ಸಮಾಧಾನ ಹೇಳಹೊರಟೆ. ಅವಳು ತಡೆದಳು.

"ನಿಮ್ಮಮ್ಮ ಒಳ್ಳೇರು. ನೀವೂ ಒಳ್ಳೇರು. ಅದಕ್ಕೆ ಅವ್ರನ್ನ ಮಾಫ್ ಮಾಡು ಅಂತ ಕೇಳಬ್ಯಾಡ್ರಿ. ನಾನು ಮಾಡಲ್ಲ."

ಕೇಳುವುದಿಲ್ಲ ಎಂದೆ. ಇಂದಿಗೂ ಕೇಳಿಲ್ಲ.

ಸೋಮವಾರ ಇಬ್ಬರೂ ಆ ಮನೆ ಬಿಟ್ಟೆವು. ಚಿಯೋಮಾ ಸಹಪಾಠಿಯೊಬ್ಬಳ ಕೋಣೆ ಸೇರಿ ಪರೀಕ್ಷೆ ಬರೆದು, ಪಾಸಾಗಿ, ದೂರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ನಾನು ವರ್ಷ ಮುಗಿಯುವವರೆಗೆ ಕೋಟೆಯ ಕಡೆಯ ಒಂದು ಕೋಣೆಯಲ್ಲಿದ್ದು, ಮತ್ತೆ ವರ್ಗ ಕೇಳಿ ಹಿರಿಯೂರಿಗೆ ಬಂದೆ. ಅವಳು ಆಗಾಗ ಫೋನು ಮಾಡುತ್ತಾಳೆ. ಆ ಬೀದಿಯ ಸುದ್ದಿ ಇಬ್ಬರೂ ಎತ್ತುವುದಿಲ್ಲ.

ಹೋದ ವರ್ಷ ಹೊಳಲ್ಕೆರೆಯಲ್ಲಿ ನಮ್ಮ ಶಾಲೆಯ ಟೀಚರೊಬ್ಬರ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಕೂತಾಗ ಎದುರು ಸಾಲಿನಲ್ಲಿ ರುದ್ರಪ್ಪನವರು. ಹುಡುಗಿಯ ಕಡೆಯ ದೂರದ ನೆಂಟರಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಸಂತೋಷದಿಂದಲೇ ಮಾತಾಡಿಸಿದರು. ಪಕ್ಕದವರಿಗೆ ಪರಿಚಯಿಸಿದರು, ನಮ್ಮ ಮನೆಯಲ್ಲಿದ್ದ ಮೇಡಂ ಎಂದು. ಅಷ್ಟಕ್ಕೆ ನಿಲ್ಲಿಸಲಿಲ್ಲ.

"ಇವ್ರ ಜೊತೆಗೆ ಒಬ್ಳು ಆಫ್ರಿಕಾ ಹುಡುಗಿನೂ ಇದ್ಲು. ಯಾರೂ ಅಂಥೋರಿಗೆ ಮನೆ ಕೊಡಲ್ಲ ನೋಡ್ರಿ, ನಾವ್ ಕೊಟ್ವಿ. ಮಗಳಂಗೆ ನೋಡ್ಕಂಡ್ವಿ. ಅತಿಥಿ ದೇವರಲ್ವಾ?"

ಸುತ್ತಲಿನವರು ಮೆಚ್ಚಿ ತಲೆಯಾಡಿಸಿದರು. ನನ್ನ ಎಲೆಗೆ ಆಗಷ್ಟೇ ಪಾಯಸ ಬಡಿಸಿದ್ದರು. ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕು ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಅವರು ಅದನ್ನು ನಂಬಿದ್ದರು. ನಾನು ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ, ಆದರೆ ಕೂಗದೆ. ಅವಳ ತಾಯಿ ಸತ್ತದ್ದು, ತಿಥಿಯ ಅಡುಗೆಗೆ ನೆನೆಹಾಕಿದ್ದು, ಬೀದಿಯ ಜನ ಹತ್ತಿಬಂದು ಒದ್ದದ್ದು, ಲೋಕೇಶ ಅಂದ ಮಾತು, ಇವರು ಗೋಡೆಯ ಬಣ್ಣಕ್ಕೆ ಹೆದರಿದ್ದು. ಬಡಿಸುವವರು ಸೌಟು ಹಿಡಿದು ನಿಂತರು. ಹಳೇದು ಬಿಡ್ರಿ ಮೇಡಂ, ಊಟ ಮಾಡ್ರಿ ಎಂದರು ರುದ್ರಪ್ಪನವರು. ಒಬ್ಬರು ಕೆಮ್ಮಿದರು, ಇನ್ನೊಬ್ಬರು ಅನ್ನಕ್ಕೆ ತಿಳಿಸಾರು ಹಾಕಿಸಿಕೊಂಡರು. ಊಟ ಮುಂದುವರಿಯಿತು.

ಪಂಕ್ತಿಯ ನಡುವೆ ಏಳಬಾರದು, ಜೊತೆಗೆ ಕೂತವರಿಗೆ ಅವಮಾನ ಎಂದು ನಮ್ಮಲ್ಲಿ ಚಿಕ್ಕಂದಿನಿಂದ ಹೇಳಿಕೊಡುತ್ತಾರೆ. ನಾನು ಎದ್ದೆ.

ಕೈ ತೊಳೆಯುವಲ್ಲಿ ಹಿಂದೆ ಯಾರೋ ಬಂದು ನಿಂತರು. ಪಾರ್ವತಮ್ಮ. ಅವರೂ ಊಟ ಬಿಟ್ಟು ಬಂದಿದ್ದರು. ಕೈಯಲ್ಲಿ ಅನ್ನ ಹಾಗೇ ಇತ್ತು. ಆ ಮನೆಯಲ್ಲಿದ್ದಷ್ಟು ದಿನವೂ ಅವರು ನನ್ನೊಡನೆ ಅಷ್ಟು ಮಾತಾಡಿರಲಿಲ್ಲ.

"ಅವತ್ತು ಮೆಟ್ಲಿಗೆ ಚೆಲ್ಲಿದ್ದನ್ನ ನಾನೇ ಬಳ್ದು ತೊಳ್ದೆ" ಎಂದರು. "ಕೆಟ್ಟ ವಾಸ್ನೆ ಏನಿರ್ಲಿಲ್ಲ ಮೇಡಂ. ಎರಡು ದಿನದ ಅಂಬ್ಲಿ ಹಂಗಿತ್ತು. ಅವರು ಹತ್ತಿ ಬರೋಕ್ ಮುಂಚೇನೂ ನನಗದು ಗೊತ್ತಿತ್ತು. ನಿಮಗೊಂದ್ ಮಾತು ಹೇಳ್ಬೇಕು ಅಂತಿದ್ದೆ."

ಅವರ ಕಣ್ಣು ತುಂಬಿತ್ತು. ನಾನು ಒಳ್ಳೆಯ ಮಾತೊಂದನ್ನು ಆಡುತ್ತೇನೆಂದು ಕಾದಿದ್ದರು.

"ನನಗ್ಯಾಕೆ ಹೇಳ್ತೀರಿ ಪಾರ್ವತಮ್ಮ" ಎಂದೆ. "ಒಳಗೆ ಪಂಕ್ತಿ ಇನ್ನೂ ಮುಗಿದಿಲ್ಲ. ಅಲ್ಲಿ ಹೋಗಿ ಹೇಳ್ರಿ."

ಅವರು ಊಟದ ಮನೆಯ ಬಾಗಿಲ ಕಡೆ ನೋಡಿದರು. ಎಂಜಲು ಕೈಯನ್ನು ಚಾಚಿಕೊಂಡೇ, ನಲ್ಲಿ ತಿರುಗಿಸದೆ, ನೋಡುತ್ತಲೇ ನಿಂತರು. ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ.